ಮನೆ ಪ್ರಾರ್ಥನೆಯ ನೋಟ್‌ಬುಕ್ಕಿನ ಮೂರನೆಯ ಕಾಲಂ

ಭಾನುವಾರ ಆರಾಧನೆಯಲ್ಲಿ ಆಮೆನ್ ಹೇಳುವುದು ಯಾರಿಗೂ ಕಷ್ಟವಲ್ಲ. ಸೋಮವಾರ ಅಂಗಡಿಯ ಗಲ್ಲಾದ ಮುಂದೆ, ಆಸ್ಪತ್ರೆಯ ವಾರ್ಡಿನಲ್ಲಿ, ಮಾತು ಬಿಟ್ಟಿರುವ ಅಣ್ಣನ ಮನೆಯ ಮೆಟ್ಟಿಲಿನಲ್ಲಿ ಆ ಆಮೆನ್ ಎಷ್ಟು ಉಳಿದಿರುತ್ತದೆ ಎಂಬುದೇ ಪ್ರಶ್ನೆ. ಉಡಲು ಬಟ್ಟೆಯಿಲ್ಲದ, ಆ ದಿನದ ಊಟಕ್ಕಿಲ್ಲದ ಸಹೋದರನಿಗೆ ಕೈಯಿಂದ ಏನೂ ಕೊಡದೆ "ಸಮಾಧಾನದಿಂದ ಹೋಗು" ಎಂದಷ್ಟೇ ಹೇಳಿ ಕಳುಹಿಸಿದರೆ ಏನು ಪ್ರಯೋಜನ ಎಂದು ಯಾಕೋಬನು ತನ್ನ ಪತ್ರಿಕೆಯಲ್ಲಿ ಕೇಳುತ್ತಾನೆ (2:15-16). ಈ ಮಾರ್ಗದರ್ಶಿ ಆ ಒಂದು ಪ್ರಶ್ನೆಯ ಮೇಲೆ ನಿಂತಿದೆ. ಇದಕ್ಕೆ ಬೇಕಾಗುವ ಸಾಮಾನು ಕಡಿಮೆ: ದಿನಕ್ಕೆ ಹದಿನೈದು ನಿಮಿಷ, ಒಂದು ಸತ್ಯವೇದ, 200 ಪುಟದ ಒಂದು ನೋಟ್‌ಬುಕ್, ಒಂದು ಡಬ್ಬಿ.

ಮೊದಲು ಹೊತ್ತು ಗೊತ್ತುಮಾಡಿ

ಮನೆ ಪ್ರಾರ್ಥನೆ ನಿಂತುಹೋಗುವುದಕ್ಕೆ ಭಕ್ತಿ ಕಡಿಮೆಯಾದದ್ದೇ ಕಾರಣ ಎಂದು ಹಿರಿಯರು ಬೇಸರಪಡುತ್ತಾರೆ. ಹೆಚ್ಚಿನ ಮನೆಗಳಲ್ಲಿ ನಿಜವಾದ ಕಾರಣ ಗಡಿಯಾರ. ರಾತ್ರಿ ಊಟವಾದ ಮೇಲೆ ಎಂದು ಇಟ್ಟುಕೊಂಡರೆ ಮಕ್ಕಳು ತೂಕಡಿಸುತ್ತಾರೆ, ಅಡುಗೆಮನೆಯಲ್ಲಿ ಪಾತ್ರೆ ಕಾಯುತ್ತಿರುತ್ತದೆ. ಮನೆಯಲ್ಲಿ ಅತಿ ಕಡಿಮೆ ಬಿಡುವಿರುವವರು ಯಾರು ಎಂದು ನೋಡಿ, ಅವರು ಮನೆಗೆ ಬಂದು ಕೈಕಾಲು ತೊಳೆದ ಅರ್ಧ ಗಂಟೆಗೆ, ಊಟಕ್ಕೆ ಮುಂಚೆ, ಹೊತ್ತು ನಿಲ್ಲಿಸಿ. ಗಾರ್ಮೆಂಟ್ಸ್‌ಗೆ ಹೋಗುವವರು, ರಾತ್ರಿ ಪಾಳಿಯ ನರ್ಸ್ ಇರುವ ಮನೆಯಲ್ಲಿ ಎಲ್ಲರೂ ದಿನವೂ ಸೇರುವುದು ಆಗದ ಮಾತು. ಅಲ್ಲಿ ವಾರಕ್ಕೆ ನಾಲ್ಕು ದಿನ ಸಾಕು, ಆದರೆ ಯಾವ ನಾಲ್ಕು ದಿನ ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮಗ ದುಬೈಯಲ್ಲಿದ್ದು ಅಜ್ಜಿ ಹುಬ್ಬಳ್ಳಿಯಲ್ಲಿದ್ದರೆ ಒಂದೂವರೆ ಗಂಟೆಯ ಅಂತರ: ಇಲ್ಲಿ ರಾತ್ರಿ ಒಂಬತ್ತು ಎಂದರೆ ಅಲ್ಲಿ ಏಳೂವರೆ. ವಾರಕ್ಕೊಂದು ದಿನವಾದರೂ ವಿಡಿಯೋ ಕಾಲ್‌ನಲ್ಲಿ ಅಜ್ಜಿಯೇ ವಾಕ್ಯ ಓದಲಿ.

ಹದಿನೈದು ನಿಮಿಷವನ್ನು ಹೀಗೆ ಹಂಚಿಕೊಳ್ಳಿ. ಸಭೆಯ ಗೀತೆ ಪುಸ್ತಕದಿಂದ ಒಂದು ಹಾಡು, ಪಲ್ಲವಿ ಮತ್ತು ಎರಡು ಚರಣ, ಮೂರು ನಿಮಿಷ. ವಾಕ್ಯ ಓದುವುದಕ್ಕೆ ನಾಲ್ಕು. ಓದಿದ್ದರ ಬಗ್ಗೆ ಒಂದೇ ಒಂದು ಪ್ರಶ್ನೆ, ಮೂರು ನಿಮಿಷ. ಪ್ರಾರ್ಥನೆ ನಾಲ್ಕು. ಕೊನೆಗೆ ಎಲ್ಲರೂ ಒಟ್ಟಾಗಿ ಕರ್ತನ ಪ್ರಾರ್ಥನೆ. ಹದಿನಾರನೆಯ ನಿಮಿಷಕ್ಕೆ ಎದ್ದುಬಿಡಿ, ಚೆನ್ನಾಗಿ ನಡೆಯುತ್ತಿದ್ದರೂ ಎದ್ದುಬಿಡಿ. ಇವತ್ತು ನಲವತ್ತು ನಿಮಿಷ ಎಳೆದರೆ ನಾಳೆ ಮಕ್ಕಳಿಗೆ ಹೋಂವರ್ಕ್ ನೆನಪಾಗುತ್ತದೆ.

ಎಲ್ಲಿಂದ ಓದಬೇಕು

ಜನವರಿ 1ಕ್ಕೆ ಆದಿಕಾಂಡದಿಂದ ದಿನಕ್ಕೊಂದು ಅಧ್ಯಾಯ ಎಂದು ಹೊರಟ ಮನೆಗಳು ಎಲ್ಲಿ ನಿಲ್ಲುತ್ತವೆ ಎಂದು ಲೆಕ್ಕ ಹಾಕಿ ಹೇಳಬಹುದು. ಆದಿಕಾಂಡದ 50 ಅಧ್ಯಾಯ ಫೆಬ್ರವರಿಯಲ್ಲಿ ಮುಗಿಯುತ್ತದೆ, ಕಥೆಗಳಿರುವುದರಿಂದ ಮಕ್ಕಳೂ ಕಿವಿಗೊಡುತ್ತಾರೆ. ಮಾರ್ಚ್ ಮಧ್ಯದಲ್ಲಿ ವಿಮೋಚನಕಾಂಡದ 25ನೇ ಅಧ್ಯಾಯ, ಅಂದರೆ ದೇವದರ್ಶನದ ಗುಡಾರದ ಅಳತೆ, ಹಲಗೆ, ಪರದೆಗಳ ವಿವರ ಶುರು. ಅದು ದಾಟಿದರೆ ಏಪ್ರಿಲ್ 1ಕ್ಕೆ ಯಾಜಕಕಾಂಡ. ಅಷ್ಟರಲ್ಲಿ ಬಹಳ ಮನೆಗಳಲ್ಲಿ ಸತ್ಯವೇದ ಕಪಾಟಿಗೆ ಸೇರಿರುತ್ತದೆ. ಆ ಭಾಗಗಳಿಗೂ ಅರ್ಥವಿದೆ, ಆದರೆ ಹೊಸದಾಗಿ ಶುರುಮಾಡುವವರಿಗೆ ಅವು ಬಾಗಿಲಲ್ಲ.

ಮಾರ್ಕನಿಂದ ಆರಂಭಿಸಿ. ಹದಿನಾರೇ ಅಧ್ಯಾಯ, ದಿನಕ್ಕೆ ಅರ್ಧದಂತೆ ಓದಿ, 72 ವಚನಗಳಿರುವ 14ನೇ ಅಧ್ಯಾಯವನ್ನು ನಾಲ್ಕು ದಿನಕ್ಕೆ ಹರಡಿದರೆ ಐದು ವಾರದಲ್ಲಿ ಒಂದು ಸುವಾರ್ತೆ ಪೂರ್ತಿಯಾಗುತ್ತದೆ. ಒಂದು ಪುಸ್ತಕ ಮುಗಿಸಿದೆವು ಎಂಬ ಸಂತೋಷ ಮುಂದಿನ ಪುಸ್ತಕಕ್ಕೆ ಕೈ ಹಿಡಿಯುತ್ತದೆ. ಆಮೇಲೆ ರೂತಳು, ಫಿಲಿಪ್ಪಿಯವರಿಗೆ ಬರೆದ ಪತ್ರಿಕೆ, ಯಾಕೋಬ, ನಂತರ ಲೂಕ. ಹೊಸ ಒಡಂಬಡಿಕೆ ಇಡಿಯಾಗಿ ಬೇಕೆನ್ನುವವರಿಗೆ ಲೆಕ್ಕ ಸುಲಭ: ಒಟ್ಟು 260 ಅಧ್ಯಾಯ, ವಾರಕ್ಕೆ ಐದರಂತೆ 52 ವಾರ. ಜ್ಞಾನೋಕ್ತಿಗಳಲ್ಲಿ 31 ಅಧ್ಯಾಯಗಳಿರುವುದರಿಂದ ತಾರೀಖಿಗೊಂದು ಎಂದು ಓದುವ ರೂಢಿ ಹಲವರಲ್ಲಿದೆ, ಒಳ್ಳೆಯದೇ. ಆದರೆ 5 ಮತ್ತು 7ನೇ ಅಧ್ಯಾಯಗಳು ಚಿಕ್ಕ ಮಕ್ಕಳ ಮುಂದೆ ಓದುವಂಥವಲ್ಲ, ಮೊದಲೇ ನೋಡಿಕೊಳ್ಳಿ.

ಇಂಗ್ಲಿಷ್ ಮೀಡಿಯಂ ಮಕ್ಕಳ ಮಾತು ಬೇರೆ. ಹಳೆಯ ಅನುವಾದದ ಉದ್ದನೆಯ ಸಮಾಸ, ಒತ್ತಕ್ಷರಗಳ ಮುಂದೆ ಅವರು ತಡವರಿಸುತ್ತಾರೆ, ಯಾರಾದರೂ ನಕ್ಕರೆ ಅಲ್ಲಿಗೆ ಮುಗಿಯಿತು. ಆ ಮಗುವಿಗೆ ಎರಡೇ ವಚನ ಕೊಡಿ, ಮಧ್ಯಾಹ್ನವೇ ಕೊಡಿ, ಅಮ್ಮನೋ ಅಜ್ಜನೋ ಜೊತೆಗೆ ಕೂತು ಒಮ್ಮೆ ಓದಿಸಲಿ. ಸರಳ ಕನ್ನಡದ ಅನುವಾದವೂ ಸಿಗುತ್ತದೆ, ಅದೊಂದು ಪ್ರತಿ ಮನೆಯಲ್ಲಿರಲಿ. ಆರು ತಿಂಗಳಲ್ಲಿ ಆ ಮಗು ಇಡೀ ಭಾಗವನ್ನು ಓದುತ್ತದೆ, ಜೊತೆಗೆ ಕನ್ನಡವೂ ಉಳಿಯುತ್ತದೆ.

ಓದಿದ ಮೇಲೆ ಕೇಳುವ ಪ್ರಶ್ನೆ ದಿನವೂ ಒಂದೇ ಆಗಿರಲಿ: "ಇದರಲ್ಲಿ ನಾಳೆ ನಾವು ಮಾಡಬಹುದಾದದ್ದು ಏನಿದೆ?" ಉತ್ತರ ಹೊಳೆಯದಿದ್ದರೆ ಸುಮ್ಮನಿರಿ, ಪರವಾಗಿಲ್ಲ. ಆ ಮೂರು ನಿಮಿಷದಲ್ಲಿ ಅಪ್ಪ ಪ್ರಸಂಗ ಮಾಡಲು ನಿಂತರೆ ಮಾತ್ರ ಎಲ್ಲ ಕೆಡುತ್ತದೆ.

ಪ್ರಾರ್ಥನೆ, ಮತ್ತು ನೋಟ್‌ಬುಕ್

ಒಬ್ಬೊಬ್ಬರು ಒಂದೊಂದು ವಾಕ್ಯ. ಮೊದಲ ಸುತ್ತು ಉಪಕಾರ ಸ್ತುತಿ: "ಕರ್ತನೇ, ಇವತ್ತು ಅಪ್ಪ ಬೇಗ ಬಂದದ್ದಕ್ಕೆ ಸ್ತೋತ್ರ." ಎರಡನೆಯ ಸುತ್ತು ತಪ್ಪೊಪ್ಪಿಗೆ. ಇದರಲ್ಲಿ ದೊಡ್ಡವರು ಮೊದಲು ಬಾಯಿ ತೆರೆಯಬೇಕು, ತಾಯಿತಂದೆ ತಮ್ಮ ತಪ್ಪನ್ನು ಹೇಳಿಕೊಳ್ಳದ ಮನೆಯಲ್ಲಿ ಮಕ್ಕಳು ಹೇಳುವುದಿಲ್ಲ. ಮೂರನೆಯದು ಬೇಡಿಕೆ.

ಇಲ್ಲಿ ಆಗಾಗ ಆಗುವ ಒಂದು ತಪ್ಪು ಬಹಳ ನೋವು ಮಾಡುತ್ತದೆ. "ಕರ್ತನೇ, ಈ ಹುಡುಗನಿಗೆ ಬುದ್ಧಿ ಕೊಡು, ಮೊಬೈಲ್ ಬಿಟ್ಟು ಓದುವ ಹಾಗೆ ಮಾಡು" ಎಂದು ಅವನ ಪಕ್ಕದಲ್ಲೇ ಕೂತು ಪ್ರಾರ್ಥಿಸುವುದು. ಅದು ದೇವರಿಗೆ ಹೇಳಿದ ಮಾತಲ್ಲ, ಹುಡುಗನಿಗೆ ಬೈದ ಮಾತು, ಅವನಿಗೆ ಅದು ಚೆನ್ನಾಗಿ ಗೊತ್ತು. ಕಣ್ಣು ಮುಚ್ಚಿ ಕೂತಿರುವಾಗ ಬೈಸಿಕೊಂಡವನು ಮುಂದೆ ಪ್ರಾರ್ಥನೆ ಎಂದರೆ ಹೆದರುತ್ತಾನೆ. ಹೇಳುವುದಿದ್ದರೆ ಬೇರೆ ಹೊತ್ತಿನಲ್ಲಿ ಮುಖ ನೋಡಿ ಹೇಳಿ. ಪ್ರಾರ್ಥನೆಯಲ್ಲಿ ಅವನ ಬಗ್ಗೆ ಒಂದು ಸ್ತೋತ್ರವನ್ನಾದರೂ ಹೇಳಿ. ಸೊಸೆಯ ಮುಂದೆ ಅತ್ತೆಗೂ, ಅಳಿಯನ ಮುಂದೆ ಮಾವನಿಗೂ ಇದೇ ಮಾತು.

ಈಗ ನೋಟ್‌ಬುಕ್. ಪುಟಕ್ಕೆ ಎರಡು ಗೆರೆ ಎಳೆದು ಮೂರು ಕಾಲಂ ಮಾಡಿ. ಮೊದಲನೆಯದರಲ್ಲಿ ತಾರೀಖು, ಎರಡನೆಯದರಲ್ಲಿ ಯಾರಿಗಾಗಿ, ಯಾವುದಕ್ಕಾಗಿ ಪ್ರಾರ್ಥನೆ. ಮೂರನೆಯದಕ್ಕೆ "ನಾವು ಮಾಡುವುದು" ಎಂದು ತಲೆಬರಹ ಕೊಡಿ. ಬೇಡಿಕೆ ಬರೆದ ರಾತ್ರಿಯೇ ಅದನ್ನೂ ತುಂಬಿಸಿ, ಯಾರು, ಯಾವ ದಿನ ಎಂಬುದರ ಸಹಿತ. "ಪಕ್ಕದ ಮನೆ ಅಜ್ಜನ ಕಣ್ಣಿನ ಆಪರೇಷನ್" ಎಂಬುದರ ಎದುರು "ಸಹಾಯ ಮಾಡುವುದು" ಎಂದು ಬರೆದರೆ ಏನೂ ಆಗುವುದಿಲ್ಲ. "ಗುರುವಾರ ಬೆಳಿಗ್ಗೆ ಆಟೋದಲ್ಲಿ ಜೊತೆಗೆ ಹೋಗುವುದು, ದೊಡ್ಡ ಮಗ" ಎಂದು ಬರೆದರೆ ಆಗುತ್ತದೆ. ವಾರಕ್ಕೆ ಮೂರು ಸಾಲಿಗಿಂತ ಹೆಚ್ಚು ಬೇಡ; ಹತ್ತು ಬರೆದು ಒಂದನ್ನೂ ಮಾಡದ ಪುಸ್ತಕ ಮನಸ್ಸನ್ನು ಮಂಕಾಗಿಸುತ್ತದೆ. ಕೈಯಿಂದ ಏನೂ ಮಾಡಲಾಗದ ಬೇಡಿಕೆಗಳೂ ಇರುತ್ತವೆ, ದೂರದ ಯುದ್ಧದಂಥವು. ಅವುಗಳೆದುರು ಒಂದು ಅಡ್ಡಗೆರೆ ಎಳೆಯಿರಿ. ಅವು ದೇವರ ಕೈಯಲ್ಲಿವೆ.

ಈ ನಾಡಿಗೆ ಮೂರನೆಯ ಕಾಲಂ ಹೊಸದಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ದೀಕ್ಷಾಸ್ನಾನ ಪಡೆದು ಮನೆ, ಕಸುಬು ಕಳೆದುಕೊಂಡವರಿಗಾಗಿ ಪ್ರಾರ್ಥಿಸಿದ್ದಲ್ಲದೆ ಮಗ್ಗಗಳನ್ನು ಹಾಕಿಸಿದರು, 1865ರಲ್ಲಿ ಹಂಚಿನ ಕಾರ್ಖಾನೆ ತೆರೆದರು. ಕರಾವಳಿಯ ಮನೆಗಳ ಕೆಂಪು ಮಾಡಿಗೆ ಆ ಕಾಳಜಿಯೂ ಒಂದು ಬೇರು.

ಕಾಯಿಲೆಯವರನ್ನು ನೋಡಲು ಹೋಗುವಾಗ

ಎರಡನೆಯ ಕಾಲಂನಲ್ಲಿ ಅತಿ ಹೆಚ್ಚು ಬರುವುದು ಕಾಯಿಲೆ. ಹೋಗುವ ಮೊದಲು ಫೋನ್ ಮಾಡಿ ಕೇಳಿ. ಕೈ ತೊಳೆದು ಒಳಗೆ ಹೋಗಿ, ಹತ್ತು ಹದಿನೈದು ನಿಮಿಷ ಕೂತು ಎದ್ದುಬಿಡಿ. ಸ್ಕ್ಯಾನ್ ರಿಪೋರ್ಟ್ ಕೇಳಬೇಡಿ, ನಿಮ್ಮ ಕಡೆಯವರೊಬ್ಬರಿಗೆ ಇದೇ ಕಾಯಿಲೆ ಬಂದು ಏನಾಯಿತು ಎಂದು ಹೇಳಲೇಬೇಡಿ. ಪ್ರಾರ್ಥನೆ ಮಾಡಲೇ ಎಂದು ರೋಗಿಯನ್ನು ಕೇಳಿ, ಒಪ್ಪಿದರೆ 23ನೇ ಕೀರ್ತನೆ (6 ವಚನ) ಅಥವಾ 121ನೇ ಕೀರ್ತನೆ (8 ವಚನ) ಓದಿ, ಎರಡು ವಾಕ್ಯದ ಪ್ರಾರ್ಥನೆ ಮಾಡಿ, ತಗ್ಗಿದ ದನಿಯಲ್ಲಿ. ಪಕ್ಕದ ಹಾಸಿಗೆಯಲ್ಲಿ ಬೇರೆ ಧರ್ಮದವರು ನೋವಿನಲ್ಲಿ ಮಲಗಿರುತ್ತಾರೆ.

ಪಾಪದಿಂದ ಹೀಗಾಯಿತು, ವಿಶ್ವಾಸ ಸಾಲದ್ದರಿಂದ ವಾಸಿಯಾಗಿಲ್ಲ ಎಂಬ ಮಾತು ಬಾಯಿಗೆ ಬರಬಾರದು. ಹುಟ್ಟು ಕುರುಡನ ವಿಷಯದಲ್ಲಿ ಶಿಷ್ಯರು ಯಾರ ಪಾಪ ಎಂದು ಕೇಳಿದಾಗ ಯೇಸು ಆ ಲೆಕ್ಕಾಚಾರವನ್ನೇ ತಳ್ಳಿಹಾಕಿದನು (ಯೋಹಾನ 9:3). ಮಕ್ಕಳನ್ನೂ ಆರೋಗ್ಯವನ್ನೂ ಕಳೆದುಕೊಂಡ ಯೋಬನ ಸ್ನೇಹಿತರು ಏಳು ದಿನ ಮಾತಿಲ್ಲದೆ ನೆಲದ ಮೇಲೆ ಅವನ ಜೊತೆ ಕೂತಿದ್ದರು (ಯೋಬ 2:13). ಬಾಯಿ ತೆರೆದು ಅವನ ಪಾಪವೇ ಕಾರಣ ಎಂದ ಮೇಲೆ ಕೆಟ್ಟಿತು. ಔಷಧಿ ನಿಲ್ಲಿಸಿ ಪ್ರಾರ್ಥನೆಯನ್ನೇ ನಂಬು ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಸಕ್ಕರೆ ಕಾಯಿಲೆ, ಫಿಟ್ಸ್, ಮಾನಸಿಕ ಕಾಯಿಲೆಯ ಮಾತ್ರೆಗಳನ್ನು ಹಾಗೆ ತಟ್ಟನೆ ಬಿಟ್ಟರೆ ಜೀವಕ್ಕೇ ಅಪಾಯ.

ಕೈಯಲ್ಲಿ ಏನು ಒಯ್ಯಬೇಕು? ಎಲ್ಲರೂ ರೋಗಿಗೆ ಹಣ್ಣು ತರುತ್ತಾರೆ, ಜೊತೆಗಿರುವವರಿಗೆ ಊಟ ತರುವವರು ಕಡಿಮೆ. ಒಂದು ಟಿಫಿನ್ ಕ್ಯಾರಿಯರ್ ಅನ್ನ ಸಾರು, ಫ್ಲಾಸ್ಕಿನಲ್ಲಿ ಬಿಸಿನೀರು, ಒಂದು ಹೊದಿಕೆ. "ಏನಾದರೂ ಬೇಕಿದ್ದರೆ ಹೇಳಿ" ಎಂದರೆ ಯಾರೂ ಹೇಳುವುದಿಲ್ಲ. "ಶುಕ್ರವಾರ ರಾತ್ರಿ ನಾನು ಇರುತ್ತೇನೆ, ನೀವು ಮನೆಗೆ ಹೋಗಿ ಮಲಗಿ ಅಕ್ಕ" ಎನ್ನಿ. ನೆರೆಯವರು ಯಾವ ಧರ್ಮದವರೇ ಆಗಿರಲಿ, ಈ ಊಟಕ್ಕೂ ಈ ರಾತ್ರಿಗೂ ಯಾವ ಷರತ್ತೂ ಅಂಟಿಕೊಂಡಿರಬಾರದು, ಕರಪತ್ರ ಕೂಡ.

ಡಬ್ಬಿ

ಮೂರನೆಯ ಕಾಲಂ ತುಂಬುತ್ತಾ ಹೋದಂತೆ ಹಣ ಬೇಕಾಗುತ್ತದೆ. ಕೊರಿಂಥದವರಿಗೆ ಪೌಲನು ಕೊಟ್ಟ ಸಲಹೆ ಇವತ್ತಿಗೂ ಕೆಲಸ ಮಾಡುತ್ತದೆ: ವಾರದ ಮೊದಲನೆಯ ದಿನ, ಅವರವರ ಸಂಪಾದನೆಗೆ ತಕ್ಕಂತೆ, ಮೊದಲೇ ತೆಗೆದಿಡುವುದು (1 ಕೊರಿಂಥ 16:2). ಮಿಕ್ಕಿದ್ದನ್ನು ಕೊಡೋಣ ಎಂದರೆ ತಿಂಗಳ ಕೊನೆಗೆ ಮಿಕ್ಕುವುದಿಲ್ಲ.

ತಿಂಗಳಿಗೆ 30,000 ರೂಪಾಯಿ ಬರುವ ಮನೆಯಲ್ಲಿ ದಶಮಾಂಶ ಎಂದರೆ 3,000. ಒಮ್ಮೆಗೇ ಅಷ್ಟಾಗದಿದ್ದರೆ ಇಪ್ಪತ್ತರಲ್ಲಿ ಒಂದು ಪಾಲಿನಿಂದ, 1,500ರಿಂದ ಹಿಡಿಯಿರಿ: ಸಾವಿರ ಸಭೆಯ ಕಾಣಿಕೆಗೆ, ಐನೂರು ಮನೆಯ ಡಬ್ಬಿಗೆ. ಪ್ರತಿ ವರ್ಷ ಸ್ವಲ್ಪ ಏರಿಸಿ. ದಶಮಾಂಶವೆಲ್ಲ ಆಲಯಕ್ಕೇ ಎಂದು ತಿಳಿದವರು ಧರ್ಮೋಪದೇಶಕಾಂಡ 14:28-29 ಓದಬೇಕು. ಮೂರನೆಯ ವರ್ಷದ ದಶಮಾಂಶದಲ್ಲಿ ಪರದೇಶಿ, ತಾಯಿತಂದೆಯಿಲ್ಲದವರು, ವಿಧವೆಯರು ಊರಲ್ಲೇ ತಿಂದು ತೃಪ್ತರಾಗಬೇಕು ಎಂದಿದೆ. ದಿನಗೂಲಿಯವರು ಕೂಲಿ ಸಿಕ್ಕ ದಿನ ಇಪ್ಪತ್ತು ರೂಪಾಯಿ ಹಾಕಲಿ. ಕೈಯಲ್ಲಿ ಕಾಸೇ ಇಲ್ಲದ ಮನೆಗೆ ಹಿಡಿ ಅಕ್ಕಿ ಇದೆ: ಅಡುಗೆಗೆ ಅಳೆದ ಅಕ್ಕಿಯಿಂದ ಒಂದು ಹಿಡಿ ತೆಗೆದು ಬೇರೆ ಪಾತ್ರೆಗೆ. ಹಿಡಿಗೆ 40 ಗ್ರಾಂ ಎಂದುಕೊಂಡರೂ ದಿನಕ್ಕೆರಡು ಹಿಡಿ, ತಿಂಗಳಿಗೆ 2.4 ಕೆಜಿ. ಮಿಜೋರಾಂನ ಸಭೆಗಳು ಈ ಹಿಡಿ ಅಕ್ಕಿಯಿಂದಲೇ ದೊಡ್ಡ ಕೆಲಸಗಳನ್ನು ನಡೆಸಿಕೊಂಡು ಬಂದಿವೆ.

ಮೂರು ಎಚ್ಚರಿಕೆ. ಸಾಲ ಮಾಡಿ ಕಾಣಿಕೆ ಕೊಡಬೇಡಿ. ಮೀಟರ್ ಬಡ್ಡಿಯ ಸಾಲವಿದ್ದರೆ ಕಾಣಿಕೆ ಚಿಕ್ಕದಾಗಿರಲಿ, ಮೊದಲು ಆ ಕುತ್ತಿಗೆಯ ಹಗ್ಗ ಬಿಡಿಸಿಕೊಳ್ಳಿ. ವಯಸ್ಸಾದ ತಾಯಿತಂದೆಯ ಔಷಧಿಗೆ ಕೊಡದೆ ದೇವರಿಗೆ ಮೀಸಲು ಎನ್ನುವುದನ್ನು ಯೇಸು ನೇರವಾಗಿ ಖಂಡಿಸಿದ್ದಾನೆ (ಮಾರ್ಕ 7:11-13). ಡಬ್ಬಿ ತುಂಬಿಕೊಂಡೇ ಇದ್ದರೆ ಒಂದು ದಿನ ಸ್ಕೂಲ್ ಫೀಸಿಗೆ ಒಡೆಯುತ್ತದೆ, ಆದ್ದರಿಂದ ತಿಂಗಳ ಕೊನೆಯ ಶನಿವಾರ ಖಾಲಿ ಮಾಡಿಬಿಡಿ. ಕೊಡುವಾಗ ಫೋಟೋ ಬೇಡ. ಔಷಧಿ ಅಂಗಡಿಯ ಬಾಕಿಯನ್ನೋ ದಿನಸಿ ಅಂಗಡಿಯ ಲೆಕ್ಕವನ್ನೋ ನೇರವಾಗಿ ಕಟ್ಟಿಬಂದರೆ ಪಡೆದವರು ತಲೆ ತಗ್ಗಿಸಬೇಕಾಗಿ ಬರುವುದಿಲ್ಲ.

ಮಾತು ಬಿಟ್ಟವರ ಮನೆಗೆ

ಇದೇ ಅತಿ ಕಷ್ಟದ ಸಾಲು. ಅನೇಕ ಸಭೆಗಳಲ್ಲಿ ತಿಂಗಳ ಮೊದಲ ಭಾನುವಾರ ಕರ್ತನ ಭೋಜನ, ಅಂದರೆ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆ. ಯಜ್ಞವೇದಿಯ ಹತ್ತಿರ ನಿನ್ನ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆ ಎಂದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು ಎಂದಿದೆ ಮತ್ತಾಯ 5:23-24. ಆ ನೆನಪು ಭಾನುವಾರ ಬೆಳಿಗ್ಗೆ ಬಂದರೆ ತಡವಾಗುತ್ತದೆ. ಹಿಂದಿನ ಬುಧವಾರದ ಮನೆ ಪ್ರಾರ್ಥನೆಯಲ್ಲಿ ಎಲ್ಲರೂ ಎರಡು ನಿಮಿಷ ಮೌನವಾಗಿ ಯೋಚಿಸಿ, ಹೋಗಬೇಕಾದವರು ಶನಿವಾರದೊಳಗೆ ಹೋಗಿಬನ್ನಿ.

ಹೋಗುವ ಮೊದಲು ನೀವು ಮಾಡಿದ್ದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ, ಅವರು ಮಾಡಿದ್ದನ್ನು ಬರೆಯಬೇಡಿ. ವಾಟ್ಸ್ಆ್ಯಪ್‌ನಲ್ಲಿ ಕ್ಷಮೆ ಕೇಳಬೇಡಿ, ಅದನ್ನು ಇನ್ನೊಬ್ಬರಿಗೆ ಕಳುಹಿಸಬಹುದು, ದನಿ ಮಾತ್ರ ಅದರಲ್ಲಿ ಬರುವುದಿಲ್ಲ. "ನಿಮಗೆ ಬೇಜಾರಾಗಿದ್ದರೆ ಕ್ಷಮಿಸಿ" ಎಂಬುದು ಕ್ಷಮೆಯಲ್ಲ, ಬೇಜಾರಾದದ್ದು ಅವರದೇ ತಪ್ಪು ಎಂಬ ಅರ್ಥ ಅದರಲ್ಲಿ ಇಣುಕುತ್ತದೆ. "ಅಣ್ಣ, ಆಸ್ತಿ ಪಾಲಿನ ದಿನ ಅತ್ತಿಗೆಯ ಬಗ್ಗೆ ನಾನು ಆಡಿದ ಮಾತು ತಪ್ಪು. ಕ್ಷಮಿಸು." ಇಷ್ಟೇ. "ಆದರೆ" ಎಂಬ ಪದ ಬಂದರೆ ಹಿಂದಿನದೆಲ್ಲ ಅಳಿಸಿಹೋಗುತ್ತದೆ. ಹಣದ ವಿಷಯವಾದರೆ ಮಾತು ಸಾಲದು: ಅರಣ್ಯಕಾಂಡ 5:7ರ ನಿಯಮದಂತೆ ಅಸಲಿಗೆ ಐದನೆಯ ಒಂದು ಪಾಲು ಕೂಡಿಸಿ ಕೊಡಬೇಕು, 5,000 ಇಟ್ಟುಕೊಂಡಿದ್ದರೆ 6,000. ಯೇಸುವನ್ನು ಮನೆಗೆ ಬರಮಾಡಿಕೊಂಡ ಸುಂಕದವನಾದ ಜಕ್ಕಾಯನು ಮೋಸದಿಂದ ತೆಗೆದುಕೊಂಡದ್ದರ ನಾಲ್ಕರಷ್ಟು ಕೊಡುತ್ತೇನೆಂದನು. ಅವರು ಆ ಕ್ಷಣವೇ ಕ್ಷಮಿಸಬೇಕೆಂದು ಕಾಯಬೇಡಿ. ಕಾಫಿ ಕೊಟ್ಟರೆ ಕುಡಿಯಿರಿ, ಬಾಗಿಲು ಹಾಕಿಕೊಂಡರೆ ಸುಮ್ಮನೆ ಬನ್ನಿ.

ಅನ್ಯಾಯ ನಿಮಗೇ ಆಗಿದ್ದರೆ ಮತ್ತಾಯ 18:15-17ರ ಕ್ರಮ: ಮೊದಲು ಇಬ್ಬರೇ, ಆಮೇಲೆ ಒಬ್ಬಿಬ್ಬರನ್ನು ಕರೆದುಕೊಂಡು, ಆಮೇಲೆ ಸಭೆಗೆ. ಕೆಡುವುದು ಮೊದಲನೆಯ ಮೆಟ್ಟಿಲು ಹಾರಿದಾಗ. "ಅವರಿಗೋಸ್ಕರ ಸ್ವಲ್ಪ ಪ್ರಾರ್ಥನೆ ಮಾಡಿ" ಎಂದು ಶುರುವಾದ ಮಾತು ನಾಲ್ಕು ಮನೆ ಸುತ್ತಿ ಬರುವಷ್ಟರಲ್ಲಿ ಚಾಡಿಯಾಗಿರುತ್ತದೆ. ಇನ್ನೊಬ್ಬರ ತಪ್ಪನ್ನು ಪ್ರಾರ್ಥನಾ ವಿಜ್ಞಾಪನೆಯಾಗಿ ಹೇಳುವ ಮುಂಚೆ ಅವರ ಎದುರಿಗೆ ಹೇಳಿದ್ದೇನೆಯೇ ಎಂದು ಕೇಳಿಕೊಳ್ಳಿ.

ಆದರೆ ಹೊಡೆತ ಬಡಿತ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಈ ಕ್ರಮಕ್ಕೆ ಸೇರುವುದಿಲ್ಲ. ಏಟು ತಿಂದ ಹೆಣ್ಣುಮಗಳನ್ನು "ಒಬ್ಬಳೇ ಹೋಗಿ ಮಾತಾಡಿ ಸರಿಮಾಡಿಕೋ" ಎಂದು ಕಳುಹಿಸುವುದು ದೊಡ್ಡ ಅಪರಾಧ. ತುರ್ತಿಗೆ 112, ಮಹಿಳೆಯರಿಗೆ 181, ಮಕ್ಕಳಿಗೆ 1098. ಸಭೆಯ ಮಾನ ಹೋಗುತ್ತದೆ ಎಂದು ಮುಚ್ಚಿಡುವವರು ಅದೇ 18ನೇ ಅಧ್ಯಾಯದ 6ನೇ ವಚನವನ್ನು, ಚಿಕ್ಕವರನ್ನು ಪಾಪಕ್ಕೆ ಬೀಳಿಸುವವನ ಕೊರಳಿಗೆ ಬೀಸುವ ಕಲ್ಲು ಕಟ್ಟಿ ಸಮುದ್ರದಲ್ಲಿ ಮುಳುಗಿಸುವುದೇ ಲೇಸು ಎಂಬ ಮಾತನ್ನು, ಓದಲಿ.

ದುಡಿಮೆ ಮತ್ತು ಬಿಡುವು

ಕೂಲಿಯನ್ನು ಬೆಳಗಿನವರೆಗೂ ಇಟ್ಟುಕೊಳ್ಳಬೇಡ (ಯಾಜಕಕಾಂಡ 19:13) ಎಂಬುದು ಮನೆಗೆಲಸದವರಿಗೂ ಸಲ್ಲುತ್ತದೆ. ತಿಂಗಳಿಗೆ ಗೊತ್ತಾದ ಒಂದು ತಾರೀಖು, ವಾರಕ್ಕೊಂದು ಸಂಬಳದ ರಜೆ, ಕಾಯಿಲೆ ಬಿದ್ದ ದಿನಕ್ಕೆ ಹಣ ಹಿಡಿಯದಿರುವುದು. ಅಂಗಡಿಯವರು ತಕ್ಕಡಿಗೆ ಇಲಾಖೆಯ ಮುದ್ರೆ ಹಾಕಿಸಿ, ಡಬ್ಬದ ತೂಕ ಕಳೆದೇ ತೂಗಲಿ. ಕಚೇರಿಯಲ್ಲಿರುವವರು ಮಾಡದ ಪ್ರಯಾಣಕ್ಕೆ ಬಿಲ್ ಹಾಕದಿರಲಿ.

ಭಾನುವಾರದ ಬಿಡುವು ಮನೆಯ ಗಂಡಸರಿಗಷ್ಟೇ ಸಿಗುತ್ತಿರುವುದು ನೋವಿನ ಸಂಗತಿ. ವಿಮೋಚನಕಾಂಡ 20:10ರಲ್ಲಿ ಮಗಳು, ದಾಸಿ, ದನಕರುಗಳವರೆಗೆ ಎಲ್ಲರ ಹೆಸರೂ ಇದೆ. ಆರಾಧನೆಯಿಂದ ಬಂದ ಕೂಡಲೇ ಅಮ್ಮ ಸೆರಗು ಸಿಕ್ಕಿಸಿ ಮಟನ್ ಸಾರಿಗೆ ಮಸಾಲೆ ರುಬ್ಬಲು ನಿಂತರೆ ಅವಳ ಸಬ್ಬತ್ ಎಲ್ಲಿ ಹೋಯಿತು? ಮಸಾಲೆ ಶನಿವಾರವೇ ರುಬ್ಬಿ ಫ್ರಿಜ್ಜಿನಲ್ಲಿಡಿ, ಅಥವಾ ಅವತ್ತು ಬರೀ ಚಿತ್ರಾನ್ನ ಮಾಡಿ. ಪಾತ್ರೆ ತೊಳೆಯುವುದು ಗಂಡಸರ, ಹುಡುಗರ ಪಾಲು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅಮ್ಮನನ್ನು ಯಾರೂ ಕರೆಯಬಾರದು. ಇದನ್ನೂ ಮೂರನೆಯ ಕಾಲಂನಲ್ಲಿ, ಯಾರ ಪಾಳಿ ಎಂದು ಹೆಸರು ಹಾಕಿ ಬರೆದಿಡಿ.

ಡಿಸೆಂಬರ್ 31ರ ಮಧ್ಯಾಹ್ನ

ವರ್ಷದ ಕೊನೆಯ ರಾತ್ರಿ ಆರಾಧನೆಗೆ ಹೋಗುವ ಮೊದಲು ಎಲ್ಲರೂ ಕೂತು ನೋಟ್‌ಬುಕ್ಕನ್ನು ಮೊದಲ ಪುಟದಿಂದ ತಿರುವಿಹಾಕಿ, ಒಂದು ಗಂಟೆ ಬೇಕಾಗುತ್ತದೆ. ವಾಸಿಯಾದವರ, ಕೆಲಸ ಸಿಕ್ಕಿದವರ, ಕರ್ತನ ಬಳಿಗೆ ಹೋದವರ ಹೆಸರುಗಳನ್ನು ಗಟ್ಟಿಯಾಗಿ ಓದಿ ಸ್ತೋತ್ರ ಹೇಳಿ. ಮಾಡುತ್ತೇವೆಂದು ಬರೆದು ಮಾಡದೆ ಉಳಿದ ಸಾಲುಗಳಿಗೆ ಪೆನ್ಸಿಲ್ ಗುರುತು ಹಾಕಿ. ಆ ಸಾಲುಗಳನ್ನು ಹೊಸ ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಇಳಿಸಿ, ಒಂದೊಂದರ ಎದುರೂ ಜನವರಿಯ ಒಂದು ತಾರೀಖನ್ನು ಮತ್ತು ಹೋಗುವವರ ಹೆಸರನ್ನು ಬರೆಯಿರಿ.